ಕಿಂಡಿ ಕಾಯುವವಳು

ಸಂಬಳದ ಗುಮಾಸ್ತ, ವರ್ಷಕ್ಕೊಬ್ಬ ಹೊಸಬ, ಕೇಳುತ್ತಾನೆ:
ನಿನ್ನ ಕೆಲಸವೇನು, ಸ್ಮರಾಂಡಾ?
ಕೂರುವುದು, ಅನ್ನುತ್ತೇನೆ.
ಬರೆದುಕೊಳ್ಳಲು ಅವನಿಗೆ ಕಾಲಂ ಸಿಗುವುದಿಲ್ಲ.

ಗಲಾತ್ಸಿಯ ಹಡಗುಕಟ್ಟೆಯಲ್ಲಿ, ಡಾನ್ಯೂಬ್ ನದಿಗೆ ಬೆನ್ನು ಕೊಟ್ಟು,
ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ
ಹದಿನಾಲ್ಕು ವರ್ಷ ಕೂತಿದ್ದೇನೆ.
ಎದುರಿಗೊಂದು ಕಿಂಡಿ,
ದಪ್ಪ ಮನುಷ್ಯ ಓರೆಯಾಗಿ ಇಳಿಯಬೇಕು, ಅಷ್ಟಗಲ.
ಅದರೊಳಗೆ ಹಡಗಿನ ಹೊಟ್ಟೆ, ಹೊಟ್ಟೆಯೊಳಗೆ ಕತ್ತಲೆ,
ಕತ್ತಲೆಯೊಳಗೆ ನೆಕುಲಾಯ್
ಸುತ್ತಿಗೆ ಹಿಡಿದು ತುಕ್ಕು ಉದುರಿಸುತ್ತಾನೆ.

ತುಕ್ಕಿನ ಬಗ್ಗೆ ಒಂದು ಮಾತು.
ಕಬ್ಬಿಣ ತಿನ್ನುತ್ತದೆ, ನಿಮಗೂ ಗೊತ್ತು.
ಮುಚ್ಚಿಟ್ಟ ತೊಟ್ಟಿಯಲ್ಲಿ ಅದು ಗಾಳಿಯನ್ನೂ ತಿನ್ನುತ್ತದೆ,
ಸದ್ದಿಲ್ಲದೆ, ತಿಂಗಳುಗಟ್ಟಲೆ.
ಉಳಿದದ್ದೂ ಗಾಳಿಯಂತೆಯೇ ಇರುತ್ತದೆ:
ಮೂಗಿಗೆ ತಂಪು, ಎದೆಗೆ ಏನೂ ಇಲ್ಲ.
ಎರಡು ಸಲ ಎಳೆದುಕೊಳ್ಳುವಷ್ಟರಲ್ಲಿ
ಮೊಣಕಾಲಿಗೆ ತಾನು ಮೊಣಕಾಲೆಂಬುದು ಮರೆಯುತ್ತದೆ.

ಅದಕ್ಕೇ ಮೊದಲು ಇಳಿಯುವುದು ಒಂದು ಸಣ್ಣ ಕೊಳವೆ.
ಮೇಲೊಮ್ಮೆ, ನಡುವೆ ಒಮ್ಮೆ, ತಳದಲ್ಲೊಮ್ಮೆ
(ಕೆಟ್ಟದ್ದು ಹೆಚ್ಚಾಗಿ ತಳದಲ್ಲೇ ಮಲಗಿರುತ್ತದೆ),
ಕೈಯ ಹಳದಿ ಪೆಟ್ಟಿಗೆ ಎಣಿಸುತ್ತದೆ.
ಇಪ್ಪತ್ತು ಪಾಯಿಂಟ್ ಒಂಬತ್ತು ಬಂದರೆ ಸರಿ.
ಹತ್ತೊಂಬತ್ತು ಬಂದ ದಿನ ನೆಕುಲಾಯ್ ಗೊಣಗುತ್ತಾನೆ:
"ಚೂರು ಕಮ್ಮಿಗೆ ಯಾಕೆ ಜೀವ ತಿನ್ನುತ್ತೀಯೆ?"
"ಆ ಚೂರು ಎಲ್ಲಿ ಹೋಯಿತು ಹೇಳು, ಬಿಡುತ್ತೇನೆ."
ಫ್ಯಾನು ಇನ್ನೊಂದು ಗಂಟೆ ಊದುತ್ತದೆ.
ಅವನು ಸೂರ್ಯಕಾಂತಿ ಬೀಜದ ಸಿಪ್ಪೆ
ನನ್ನ ಬೂಟಿನ ಸುತ್ತ ಉಗುಳುತ್ತಾ ಕೂರುತ್ತಾನೆ.

ಆ ವರ್ಷ ಕಿಂಡಿಯ ಬಳಿ ಯಾರೂ ಕೂತಿರಲಿಲ್ಲ.
ಮೊದಲು ಇಳಿದವನು ಪೆಟ್ರಾಕೆ.
ಅವನು ಬಿದ್ದದ್ದು ಕಂಡು ನನ್ನಣ್ಣ ಆಂಗೆಲ್.
ಅಣ್ಣ ಬಿದ್ದದ್ದು ಕಂಡು ಇನ್ನೊಬ್ಬ,
ಅವನ ಹೆಸರು ಬೇಡ, ತಾಯಿ ನಮ್ಮ ಬೀದಿಯಲ್ಲೇ ಇದ್ದಾಳೆ.
ಒಬ್ಬ ಸತ್ತದ್ದು ಗಾಳಿಯಿಲ್ಲದೆ.
ಇಬ್ಬರು ಸತ್ತದ್ದು ಒಳ್ಳೆಯವರಾಗಿದ್ದಕ್ಕೆ.

"ಉಸಿರೆತ್ತಬೇಡ" ಅಂದಿದ್ದ ಆಗಿನ ಮೇಸ್ತ್ರಿ,
ತಿಥಿಯ ಗೋಧಿಸಿಹಿಯ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ.
ಅವನ ಮಾತು ಇಟ್ಟುಕೊಂಡೆ, ಬಾಲ ಕತ್ತರಿಸಿ.
ಈಗ ಐದು ನಿಮಿಷಕ್ಕೊಮ್ಮೆ ಕಿಂಡಿಗೆ ಬಾಯಿಟ್ಟು ಕೂಗುತ್ತೇನೆ:
ನೆಕುಲಾಯ್, ಉಸಿರೆತ್ತು!
ಎರಡು ಸುತ್ತಿಗೆ ಪೆಟ್ಟು. ಒಮ್ಮೊಮ್ಮೆ ಬೈಗುಳ.

ಫೆಬ್ರವರಿಯ ಒಂದು ಗುರುವಾರ
ಸುತ್ತಿಗೆ ನಿಂತಿತು.
ಅವನೆದೆಯ ಯಂತ್ರ ಕೆಳಗೆಲ್ಲೋ ಚೀರತೊಡಗಿತು.
ಕೂಗಿದೆ. ಹಗ್ಗ ಜಗ್ಗಿದೆ.
ನೋಡಿದರೆ ನನ್ನ ಬಲಗಾಲು
ಏಣಿಯ ಮೊದಲ ಮೆಟ್ಟಿಲ ಮೇಲಿದೆ.
ನಾನಿಟ್ಟದ್ದೇ ಅಲ್ಲ, ಅದೇ ಹೋಗಿತ್ತು.
ಅಣ್ಣನ ಕಾಲೂ ಹೀಗೇ ಹೋಗಿರಬೇಕು, ಅವನನ್ನು ಕೇಳದೆ.

ಅಷ್ಟು ವರ್ಷ ಕೂತದ್ದು
ಆ ಒಂದು ಕಾಲು ಹಿಂದಕ್ಕೆಳೆದುಕೊಳ್ಳಲಿಕ್ಕೆ.
ಎಳೆದೆ. ಕೆಂಪು ಗುಂಡಿ ಒತ್ತಿದೆ. ರಾಟೆಗೆ ಬಿದ್ದೆ.
ಎಂಬತ್ತೆಂಟು ಕಿಲೋ ನೆಕುಲಾಯ್, ಬೂಟು ಬೇರೆ;
ರಾಟೆಯ ಹಲ್ಲೊಂದೊಂದೇ, ಕಟಕ್, ಕಟಕ್,
ಇಷ್ಟು ನಿಧಾನ ಈ ಲೋಕದಲ್ಲಿ ಬೇರೇನಾದರೂ ಇದೆಯೇ.
ಕಿಂಡಿಯ ಅಂಚಿಗೆ ಅವನ ಬಾಯಿ ಬಡಿಯಿತು.
ತುಟಿ ನೇರಳೆ ಬಣ್ಣ.
ಆಮೇಲೆ ಕೆಮ್ಮಿದ.

ಡೆಕ್ಕಿನ ಆಚೆ ಬದಿ ಯಾರೋ ಗಾಳಿಕೊಳವೆಯ ಮೇಲೆ
ಗಾಡಿ ನಿಲ್ಲಿಸಿ ಚಹಾಕ್ಕೆ ಹೋಗಿದ್ದರು.
ಅಷ್ಟೇ.

ಮುಂದಿನ ಹಲ್ಲು ಅರ್ಧ ಮುರಿದದ್ದು ನನ್ನ ಲೆಕ್ಕದಲ್ಲಿದೆ.
"ಯಾವಾಗ ಕೊಡುತ್ತೀಯೆ?" ಅನ್ನುತ್ತಾನೆ ದಿನಾ.
ಆ ಸಂದಿಯಿಂದ ಸಿಪ್ಪೆ ಮೊದಲಿಗಿಂತ ದೂರ ಉಗುಳುತ್ತಾನೆ.
ಕೊಳವೆಯ ಉದ್ದಕ್ಕೂ ಈಗ ನಾನು ಎರಡು ಸಲ ನಡೆದು ಬರುತ್ತೇನೆ.

ಸಂಜೆ ಹಲಗೆಯ ಮೇಲಿನ ಬಿಲ್ಲೆ ಎಣಿಸುತ್ತೇನೆ:
ಒಳಹೋದದ್ದು ಒಂದು, ಹೊರಬಂದದ್ದು ಒಂದು.
ಕಾಗದಕ್ಕೆ ಸಹಿ. ಮುಚ್ಚಳಕ್ಕೆ ಹದಿನಾರು ಬೋಲ್ಟು.
ಕೊನೆಯದು ಬಿಗಿಯುತ್ತಿದ್ದಂತೆ ಒಳಗೆ,
ನನಗೆ ಕೇಳಿಸುವುದೇನಿಲ್ಲ, ಆದರೂ ಗೊತ್ತು,
ತುಕ್ಕು ಮತ್ತೆ ಊಟಕ್ಕೆ ಕೂರುತ್ತದೆ.